ಕೋಲಾ ಅಂದ್ರೆ ಕೋಲಾರ ಅಲ್ವಂತೆ! ಆ 12 ಕಿಲೋಮೀಟರ್ ಬೋರ್ ಬಗ್ಗೆ ಗೊತ್ತಿದ್ದವರು ಹೇಳಿ

ಬಂಗಾರಪೇಟೆ ಬಾಬು:

ಮೊದಲು ಮಾನ ಹೋದ ಕಥೆ ಹೇಳುತ್ತೇನೆ, ಆಮೇಲೆ ಪ್ರಶ್ನೆ.

ರಾಜ್ಯೋತ್ಸವಕ್ಕೆ ನಮ್ಮ ಬೀದಿ ಹುಡುಗರು ಮಕ್ಕಳಿಗೆ ಕ್ವಿಜ್ ಇಟ್ಟಿದ್ದರು. ಪ್ರಶ್ನೆ ಕೇಳುವ ಕೆಲಸ ನನಗೆ ಅಂಟಿಸಿದರು. ನಾನು ಗೂಗಲ್ ಗೀಗಲ್ ಏನೂ ನೋಡದೆ, ಬಲು ಧೈರ್ಯವಾಗಿ ನನ್ನದೇ ಒಂದು ಪ್ರಶ್ನೆ ಸೇರಿಸಿದೆ: ಮನುಷ್ಯ ಭೂಮಿಯನ್ನು ಅತಿ ಆಳಕ್ಕೆ ಕೊರೆದಿರುವುದು ಎಲ್ಲಿ? ನನ್ನ ಉತ್ತರ ಕೆಜಿಎಫ್‌ನ ಚಾಂಪಿಯನ್ ರೀಫ್. ಚಿಕ್ಕಂದಿನಿಂದ ಮನೆಯಲ್ಲಿ ಅದನ್ನೇ ಕೇಳಿಕೊಂಡು ಬೆಳೆದವನು. ನಮ್ಮಪ್ಪ 26 ವರ್ಷ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೂ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿ "ಕೋಲಾ" ಅಂದಳು. ನಾನು ದೊಡ್ಡ ಮನಸ್ಸು ಮಾಡಿ, ಮೈಕಿನಲ್ಲೇ, "ಕೋಲಾರ ಅನ್ನಮ್ಮ, ರ ನುಂಗಬೇಡ, ಸರಿ ಉತ್ತರ, ಹತ್ತು ಮಾರ್ಕ್ಸು" ಅಂದೆ. ಅವಳು ಕೂರಲಿಲ್ಲ. "ಅಲ್ಲ ಅಂಕಲ್, ಕೋಲಾ. ರಷ್ಯಾದಲ್ಲಿದೆ. ಹನ್ನೆರಡು ಕಿಲೋಮೀಟರ್ ಕೊರೆದಿದ್ದಾರೆ." ಹಿಂದೆ ಕೂತಿದ್ದ ಯಾರೋ ಫೋನಿನಲ್ಲಿ ನೋಡಿ ಜೋರಾಗಿ ಓದಿಬಿಟ್ಟರು. ಇಡೀ ಶಾಮಿಯಾನ ನಕ್ಕಿತು. ನಮ್ಮ ಹೆಂಡತಿ ಎಲ್ಲರಿಗಿಂತ ಜಾಸ್ತಿ.

ಈಗ ಪ್ರಶ್ನೆಗಳು. ಈ ಕೋಲಾ ಎಲ್ಲಿದೆ, ಅದು ಊರೋ ದೇಶವೋ ದ್ವೀಪವೋ? ಅಲ್ಲಿ ಚಿನ್ನ ಇತ್ತಾ, ಇಲ್ಲದಿದ್ದರೆ ಸುಮ್ನೆ ಯಾಕೆ ಅಷ್ಟು ಕೊರೆದರು? ಇನ್ನೊಂದು, ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಆಡಿಯೋ ಬಂದಿದೆ, ಆ ತೂತಿನೊಳಗೆ ಮೈಕ್ ಬಿಟ್ಟಾಗ ನರಕದಲ್ಲಿರುವವರ ಕಿರುಚಾಟ ಕೇಳಿಸಿತಂತೆ. ನಮ್ಮ ಅತ್ತೆ ಅದನ್ನು ಕೇಳಿ ಎರಡು ದಿನದಿಂದ ದೀಪ ಆರಿಸಿ ಮಲಗುತ್ತಿಲ್ಲ. ಯಾರಾದರೂ ಸರಿಯಾಗಿ ಹೇಳಿ.

ಮುಳಬಾಗಿಲು ಮೇಷ್ಟ್ರು:

ಬಾಬು, ಆ ಹುಡುಗಿಗೆ ಹತ್ತಲ್ಲ, ಇಪ್ಪತ್ತು ಕೊಡಿ.

ಕೋಲಾ ಒಂದು ಪರ್ಯಾಯ ದ್ವೀಪ. ಅಂದರೆ ಮೂರು ಕಡೆ ನೀರು, ಒಂದು ಕಡೆ ನೆಲ. ಯೂರೋಪಿನ ನಕ್ಷೆ ತೆಗೆದುಕೊಳ್ಳಿ. ಮೇಲ್ಗಡೆ ನಾರ್ವೆ, ಸ್ವೀಡನ್, ಫಿನ್ಲೆಂಡ್ ಸಿಗುತ್ತವೆ ಅಲ್ವಾ, ಫಿನ್ಲೆಂಡಿನ ತಲೆಯಿಂದ ಬಲಕ್ಕೆ ಒಂದು ಹೆಬ್ಬೆರಳು ಚಾಚಿದ ಹಾಗೆ ಕಾಣುತ್ತದೆ. ಅದೇ ಕೋಲಾ. ರಷ್ಯಾದ್ದು. ಬೆರಳಿನ ಮೇಲ್ಗಡೆ ಬಾರೆಂಟ್ಸ್ ಸಮುದ್ರ, ಕೆಳಗೂ ತುದಿಗೂ ಬಿಳಿ ಸಮುದ್ರ. ವಿಸ್ತೀರ್ಣ ಸುಮಾರು 1 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕ 1,91,791. ಅರ್ಧಕ್ಕಿಂತ ಸ್ವಲ್ಪ ಮೇಲೆ ಅಂದುಕೊಳ್ಳಿ.

ಹೆಚ್ಚುಕಮ್ಮಿ ಪೂರ್ತಿ ಆರ್ಕ್ಟಿಕ್ ವೃತ್ತದ ಆಚೆ ಇದೆ. ಉತ್ತರದ ಕಡಲ ಕಡೆ ಮರವೇ ಇಲ್ಲದ ಟಂಡ್ರಾ, ಪಾಚಿ, ಕುರುಚಲು. ದಕ್ಷಿಣಕ್ಕೆ ಬಂದರೆ ಪೈನ್, ಸ್ಪ್ರೂಸ್ ಕಾಡು. ಎಲ್ಲೆಲ್ಲೂ ಕೆರೆಗಳು. ಕೆರೆ ಅಂದರೆ ನೀರಿರುವ ಕೆರೆ, ನಮ್ಮ ಹಾಗೆ ಜಾಲಿ ಬೆಳೆದದ್ದಲ್ಲ. ನಡುವೆ ಖಿಬಿನಿ ಅಂತ ಬೆಟ್ಟಗಳಿವೆ, ಕೋಲಾದಲ್ಲೇ ಎತ್ತರ ಅವು. ಎಷ್ಟು ಎತ್ತರ ಗೊತ್ತಾ? 1,200 ಮೀಟರ್ ಆಸುಪಾಸು. ನಮ್ಮ ನಂದಿಬೆಟ್ಟ 1,478. ನಾವು ಭಾನುವಾರ ಬೆಳಗ್ಗೆ ಬೈಕಿನಲ್ಲಿ ಹೋಗಿ ಮೆಣಸಿನಕಾಯಿ ಬಜ್ಜಿ ತಿಂದು ಬರುತ್ತೇವಲ್ಲ, ಆ ಬೆಟ್ಟಕ್ಕಿಂತ ಕಮ್ಮಿ! ಆದರೆ ಅಲ್ಲಿ ಹಿಮಕುಸಿತದಲ್ಲಿ ಜನ ಸಾಯುತ್ತಾರೆ. ಎತ್ತರ ಅಲ್ಲ, ಎಲ್ಲಿ ನಿಂತಿದೆ ಅನ್ನೋದು ಮುಖ್ಯ.

ಹೆಸರಿಗೂ ನಮ್ಮ ಕೋಲಾರಕ್ಕೂ ಸಂಬಂಧ ಇಲ್ಲ. ನಮ್ಮದು ಗಂಗರ ಕಾಲದ ಕುವಲಾಲಪುರ. ಅವರದ್ದು ಕೋಲಾ ಅನ್ನೋ ನದಿ, ಆ ನದಿ ಸಮುದ್ರ ಸೇರುವಲ್ಲಿ ಕೋಲಾ ಅನ್ನೋ ಹಳೇ ಊರು, ಅದರಿಂದ ಇಡೀ ಪರ್ಯಾಯ ದ್ವೀಪಕ್ಕೆ ಆ ಹೆಸರು.

ಇನ್ನೊಂದು ತಮಾಷೆ ಇದೆ. ಕಟ್ಟುನಿಟ್ಟಾಗಿ ಗಡಿ ಎಳೆದರೆ, ಕೋಲಾ ಕೊಲ್ಲಿಯಿಂದ ಶುರುವಾಗಿ ಇಮಾಂದ್ರಾ ಅನ್ನೋ ದೊಡ್ಡ ಸರೋವರದ ಮೂಲಕ ಕೆಳಗೆ ಕಂದಲಾಕ್ಷಾ ಕೊಲ್ಲಿವರೆಗೆ ಒಂದು ತಗ್ಗಿದೆ, ಅದರ ಪೂರ್ವಕ್ಕಿರುವುದು ಮಾತ್ರ ಪರ್ಯಾಯ ದ್ವೀಪ. ನೀವು ಕೇಳಿದ ತೂತು ಇರುವುದು ಅದರ ಪಶ್ಚಿಮಕ್ಕೆ, ನಾರ್ವೆ ಗಡಿ ಹತ್ತಿರ, ಝಪೊಲ್ಯಾರ್ನಿ ಅನ್ನೋ ಊರಿನ ಪಕ್ಕ. ಅಂದರೆ ಕೋಲಾದ ತೂತು ಕೋಲಾದಲ್ಲಿಲ್ಲ! ನಗಬೇಡಿ, ಕೋಲಾರ ಗೋಲ್ಡ್ ಫೀಲ್ಡ್ ಮಾತ್ರ ಕೋಲಾರ ಊರಲ್ಲಿದೆಯಾ? ಮೂವತ್ತು ಕಿಲೋಮೀಟರ್ ಆಚೆ ಇದೆ.

ಬೋರ್ ರಿಗ್ ಚಿಂತಾಮಣಿ:

ಮೇಷ್ಟ್ರು ಭೂಗೋಳ ಹೇಳಿದರು, ನಾನು ಕೊರೆಯೋ ವಿಷಯ ಹೇಳುತ್ತೇನೆ. ಹದಿನೈದು ವರ್ಷದಿಂದ ರಿಗ್ ಓಡಿಸುತ್ತಿದ್ದೇನೆ. ಈ ಕೋಲಾ ವಿಷಯ ನಮ್ಮ ಫೀಲ್ಡಲ್ಲಿ ದೇವರ ಕಥೆ ಇದ್ದ ಹಾಗೆ, ಬಿಡುವಾದಾಗೆಲ್ಲ ಓದಿದ್ದೇನೆ.

ನಿಮಗೆ ಮೀಟರ್ ಲೆಕ್ಕ ಬೇಡ, ಅಡಿ ಲೆಕ್ಕದಲ್ಲಿ ಕೇಳಿ. 12,262 ಮೀಟರ್ ಅಂದರೆ 40,230 ಅಡಿ. ನಲವತ್ತು ಸಾವಿರ! ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆ 1,500 ಅಡಿ ಹೊಡೆದರೆ ರೈತ ನೆಲದ ಮೇಲೆ ಕೂತುಬಿಡುತ್ತಾನೆ, ಅಡಿಗಿಷ್ಟು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ. ತೂತಿನ ಅಗಲ ಎಷ್ಟು ಅಂತೀರಿ? 23 ಸೆಂಟಿಮೀಟರ್, ಒಂಬತ್ತು ಇಂಚು. ನಮ್ಮದು ಆರೂವರೆ ಇಂಚು. ಅಷ್ಟೇ ವ್ಯತ್ಯಾಸ.

1970ರ ಮೇ 24ಕ್ಕೆ ಶುರು ಮಾಡಿದರು. 1979ರಲ್ಲಿ ಅಮೆರಿಕದವರ 9,583 ಮೀಟರ್ ದಾಖಲೆ ಮುರಿದರು. 1983ಕ್ಕೆ 12 ಕಿಲೋಮೀಟರ್ ದಾಟಿತು. ಆಮೇಲೆ ಕೆಲಸ ನಿಲ್ಲಿಸಿ, ಬಂದವರಿಗೆಲ್ಲ ತೋರಿಸುತ್ತಾ ಒಂದು ವರ್ಷ ಕಳೆದರು. 1984ರ ಸೆಪ್ಟೆಂಬರಿನಲ್ಲಿ ಮತ್ತೆ ಶುರು ಮಾಡಿದರೆ, ಪೈಪು ತಿರುಚಿಕೊಂಡು ಕಡಿದುಹೋಯಿತು. ಐದು ಕಿಲೋಮೀಟರ್ ಉದ್ದದ ಪೈಪು ಒಳಗೇ ಉಳಿಯಿತು. ಐದು ಕಿಲೋಮೀಟರ್! ನಮ್ಮದು 600 ಅಡಿಯಲ್ಲಿ ಒಂದು ರಾಡ್ ಕಳಚಿಕೊಂಡು ಹ್ಯಾಮರ್ ಸಮೇತ ಒಳಗೆ ಬಿದ್ದಾಗ ನಾನು ರಾತ್ರಿಯೆಲ್ಲ ಫಿಶಿಂಗ್ ಟೂಲ್ ಇಳಿಸಿ ಇಳಿಸಿ, ಬೆಳಗಿನ ಜಾವ ಲಾರಿ ಕೆಳಗೆ ಕೂತು ಅತ್ತಿದ್ದೇನೆ. ಅವರು ಏನು ಮಾಡಿದರು ಗೊತ್ತಾ? ಆ ಪೈಪನ್ನು ಹಾಗೇ ಬಿಟ್ಟು, ಏಳು ಕಿಲೋಮೀಟರ್ ಆಳದಿಂದ ಪಕ್ಕಕ್ಕೆ ತಿರುಗಿಸಿ ಮತ್ತೆ ಕೊರೆದರು. ಹಾಗೆ ಕೊರೆದುಕೊಂಡು 1989ಕ್ಕೆ 12,262 ಮುಟ್ಟಿದರು.

ಹೇಗೆ ಕೊರೆದರು ಅಂದರೆ, ಮೇಲಿನಿಂದ ಇಡೀ ಪೈಪು ತಿರುಗಿಸಿಲ್ಲ. ಅಷ್ಟುದ್ದದ ಪೈಪು ತಿರುಗಿಸಿದರೆ ನೂಲಿನ ಹಾಗೆ ಹುರಿಯಾಗುತ್ತದೆ. ತಳದಲ್ಲಿ ಟರ್ಬೈನ್ ಇಟ್ಟು, ಮೇಲಿನಿಂದ ಕೆಸರು ನೀರನ್ನು ಒತ್ತಡದಲ್ಲಿ ಕಳಿಸಿ, ಆ ಒತ್ತಡಕ್ಕೆ ಬಿಟ್, ಅಂದರೆ ಕಲ್ಲು ಕೊರೆಯುವ ತುದಿ, ಮಾತ್ರ ತಿರುಗುವ ಹಾಗೆ ಮಾಡಿದ್ದರು. ನಮ್ಮ ರಿಗ್‌ನಲ್ಲೂ ಕಂಪ್ರೆಸರ್ ಗಾಳಿ ಹೋಗಿ ತಳದಲ್ಲಿರುವ ಹ್ಯಾಮರ್ ಹೊಡೆಯುತ್ತದೆ ಅಲ್ವಾ, ಯೋಚನೆ ಅದೇ ಜಾತಿಯದು. ಪೈಪು ಸ್ಟೀಲ್ ಅಲ್ಲ, ಅಲ್ಯೂಮಿನಿಯಂ ಮಿಶ್ರಲೋಹ. ಸ್ಟೀಲಾದರೆ ಅದರ ಭಾರಕ್ಕೆ ಅದೇ ಕಡಿದುಹೋಗುತ್ತಿತ್ತು.

ಮೇಷ್ಟ್ರೇ, ನನಗೂ ಒಂದು ಪ್ರಶ್ನೆ ಇದೆ. ನಮ್ಮ ಕಸುಬಿನವರು ಕೇಳೋದೇ ಅದು. ನೀರು ಬಿತ್ತಾ?

ತುಮಕೂರು ಕಲ್ಲುಪ್ರಿಯ:

ನೀರು ಬಿತ್ತು ಸಾರ್! ಅದೇ ಈ ಕಥೆಯ ಸ್ವಾರಸ್ಯ. ನಾನು ಭೂವಿಜ್ಞಾನ ಓದಿದವನು, ಈಗ ಪಾಠ ಮಾಡುತ್ತೇನೆ, ಆದ್ದರಿಂದ ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಮೊದಲು ಬಾಬು ಅವರ ಪ್ರಶ್ನೆ, ಯಾಕೆ ಅಲ್ಲೇ ಕೊರೆದರು. ಚಿನ್ನಕ್ಕಲ್ಲ, ಎಣ್ಣೆಗಲ್ಲ. ಒಳಗೆ ಏನಿದೆ ಅಂತ ನೋಡಲಿಕ್ಕೆ, ಅಷ್ಟೇ. ಆಗ ಅಮೆರಿಕಕ್ಕೂ ಸೋವಿಯತ್‌ಗೂ ಎಲ್ಲದರಲ್ಲೂ ಪೈಪೋಟಿ. ಅಮೆರಿಕದವರು ಸಮುದ್ರದ ತಳದಿಂದ ಕೊರೆಯಲು ಹೋಗಿ 1966ರಲ್ಲಿ ದುಡ್ಡು ಸಾಲದೆ ಕೈಬಿಟ್ಟರು. ಸೋವಿಯತ್‌ನವರು ನೆಲದ ಮೇಲೆ ಜಾಗ ಹುಡುಕಿದರು. ಕೋಲಾ ಕಡೆಯ ಬಂಡೆ ಬಾಲ್ಟಿಕ್ ಶೀಲ್ಡ್ ಅನ್ನೋ ಬಹಳ ಹಳೆಯ ನೆಲದ್ದು. ಹಿಮಯುಗದಲ್ಲಿ ದಪ್ಪ ಮಂಜಿನ ಹಾಸು ಅದರ ಮೇಲೆ ಜಾರಿ ಜಾರಿ ಮಣ್ಣನ್ನೆಲ್ಲ ಕೆರೆದುಬಿಟ್ಟಿದೆ. ಆ ಸಾವಿರಾರು ಕೆರೆಗಳೂ ಆ ಮಂಜು ಕೆರೆದ ಗುಂಡಿಗಳೇ. ಹಾಗಾಗಿ ಹಳೇ ಬಂಡೆ ಮೇಲ್ಗಡೆಯೇ ಸಿಗುತ್ತದೆ, ಕೊರೆಯಲು ಶುರು ಮಾಡಿದಲ್ಲೇ ಕೋಟಿ ಕೋಟಿ ವರ್ಷ ಹಿಂದೆ ಹೋಗಿರುತ್ತೀರಿ.

ತಳದಲ್ಲಿ ಸಿಕ್ಕ ಕಲ್ಲಿನ ವಯಸ್ಸು ಸುಮಾರು 270 ಕೋಟಿ ವರ್ಷ. ಈಗ ಕೇಳಿ, ಕೆಜಿಎಫ್‌ನ ಚಿನ್ನ ಇರುವ ಕಪ್ಪು ಕಲ್ಲಿನ ಪಟ್ಟಿ, ಕೋಲಾರ ಶಿಸ್ಟ್ ಬೆಲ್ಟ್ ಅಂತೀವಲ್ಲ, ಅದರ ವಯಸ್ಸೂ ಹೆಚ್ಚುಕಮ್ಮಿ ಅಷ್ಟೇ. ಹೆಸರಿಗೆ ಸಂಬಂಧ ಇಲ್ಲ ಅಂದರಲ್ಲ ಮೇಷ್ಟ್ರು, ಕಲ್ಲಿಗೆ ಓರಗೆಯವರ ಸಂಬಂಧ ಇದೆ ಅಂತ ಇಟ್ಟುಕೊಳ್ಳಿ.

ಪುಸ್ತಕದಲ್ಲಿ ಬರೆದಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಭೂಕಂಪದ ಅಲೆಗಳ ಲೆಕ್ಕದ ಮೇಲೆ, ಏಳು ಕಿಲೋಮೀಟರ್ ಸುಮಾರಿಗೆ ಗ್ರಾನೈಟ್ ಮುಗಿದು ಬಸಾಲ್ಟ್ ಶುರುವಾಗುತ್ತದೆ ಅಂದುಕೊಂಡಿದ್ದರು. ಬಸಾಲ್ಟ್ ಸಿಗಲೇ ಇಲ್ಲ. ಅದೇ ಗ್ರಾನೈಟ್, ಆದರೆ ಶಾಖಕ್ಕೂ ಒತ್ತಡಕ್ಕೂ ಬಿರುಕು ಬಿಟ್ಟು ಬದಲಾಗಿದ್ದ ಗ್ರಾನೈಟ್. ಆ ಬಿರುಕಿನ ತುಂಬಾ ನೀರು! ಮಳೆ ನೀರು ಇಳಿದದ್ದಲ್ಲ. ಖನಿಜಗಳೊಳಗಿದ್ದ ಹೈಡ್ರೋಜನ್, ಆಮ್ಲಜನಕ ಒತ್ತಡಕ್ಕೆ ಹಿಂಡಿ ಹೊರಬಂದು ನೀರಾಗಿ, ಮೇಲೆ ಹೋಗಲು ದಾರಿಯಿಲ್ಲದೆ ಅಲ್ಲೇ ಸಿಕ್ಕಿಕೊಂಡಿದ್ದು. ಆರು ಕಿಲೋಮೀಟರ್ ಆಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಪಳೆಯುಳಿಕೆ ಸಿಕ್ಕಿತು, 24 ಬಗೆ. ಹೊರಬಂದ ಕೆಸರಿನಲ್ಲಿ ಹೈಡ್ರೋಜನ್ ಎಷ್ಟಿತ್ತು ಅಂದರೆ ಕುದಿಯುವ ಹಾಗೆ ನೊರೆ ಬರುತ್ತಿತ್ತಂತೆ.

ನಿಲ್ಲಿಸಿದ್ದು ಶಾಖದಿಂದ. ಆ ಆಳಕ್ಕೆ 100 ಡಿಗ್ರಿ ಇರಬಹುದು ಅಂದುಕೊಂಡಿದ್ದರು, 180 ಡಿಗ್ರಿ ಇತ್ತು. ಬಂಡೆ ಬಂಡೆಯ ಹಾಗಿರದೆ ಮೆತ್ತಗಾಗಿ, ಬಿಟ್ ಮೇಲೆತ್ತಿದ ಕೂಡಲೇ ತೂತು ಮುಚ್ಚಿಕೊಳ್ಳತೊಡಗಿತು. 1992ಕ್ಕೆ ಕೊರೆಯುವುದು ನಿಂತಿತು. ಅಷ್ಟು ಹೊತ್ತಿಗೆ ಸೋವಿಯತ್ ದೇಶವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಇಷ್ಟೆಲ್ಲ ಮಾಡಿಯೂ ಭೂಮಿಯ ತೊಗಟೆಯ ಮೂರನೇ ಒಂದು ಭಾಗ ಮಾತ್ರ ದಾಟಿದ್ದರು. ಆಮೇಲೆ ಕತಾರ್‌ನಲ್ಲಿ, ರಷ್ಯಾದ ಸಖಾಲಿನ್‌ನಲ್ಲಿ ಇದಕ್ಕಿಂತ ಉದ್ದದ ಎಣ್ಣೆ ಬಾವಿ ಕೊರೆದಿದ್ದಾರೆ. ಆದರೆ ಅವು ಅಡ್ಡಡ್ಡ ಹೋದವು. ನೇರ ಆಳದಲ್ಲಿ ಕೋಲಾವನ್ನು ಇನ್ನೂ ಯಾರೂ ಮೀರಿಲ್ಲ.

ಬಾಬು, ನಿಮ್ಮ ಅತ್ತೆಗೆ ಹೇಳಿ, ಆ ಆಡಿಯೋ ಸುಳ್ಳು. 1989ರ ಹೊತ್ತಿಗೆ ಅಮೆರಿಕದ ಒಂದು ಧಾರ್ಮಿಕ ಟಿವಿ ಚಾನೆಲ್ ಈ ಕಥೆ ಹೇಳಿತು, ಆಮೇಲೆ ಯಾರೋ ಒಂದು ಹಳೇ ಹಾರರ್ ಸಿನಿಮಾದ ಸದ್ದನ್ನು ತಿರುಚಿ ಜೋಡಿಸಿದರು. ಆ ಕಥೆಯಲ್ಲಿ ತೂತು ಸೈಬೀರಿಯಾದಲ್ಲಿದೆ ಅಂತಾರೆ. ಕೋಲಾ ಸೈಬೀರಿಯಾದಲ್ಲಿಲ್ಲ, ಯೂರೋಪಿನಲ್ಲಿದೆ. ಸುಳ್ಳು ಹೇಳೋರು ನಕ್ಷೆಯನ್ನಾದರೂ ನೋಡಬೇಡವಾ?

ಬೋರ್ ರಿಗ್ ಚಿಂತಾಮಣಿ:

ಏಳು ಕಿಲೋಮೀಟರ್ ಕೆಳಗೆ ಬೇಡದ ಜಾಗದಲ್ಲಿ ನೀರು. ಇಲ್ಲಿ ಪಾಯಿಂಟ್ ಹಾಕಿಸಿ, ತೆಂಗಿನಕಾಯಿ ಒಡೆದು, ಪೂಜೆ ಮಾಡಿ ಕೊರೆದರೆ ಬರೀ ಧೂಳು. ಹೋಗಲಿ ಬಿಡಿ.

ಆ ತೂತಿನ ಫೋಟೋ ನೋಡಿದ್ದೀರಾ? ಕಟ್ಟಡವೆಲ್ಲ ಬಿದ್ದುಹೋಗಿ ತುಕ್ಕು ಹಿಡಿದ ತಗಡು, ಮುರಿದ ಕಾಂಕ್ರೀಟು. ನಡುವೆ ನೆಲದಲ್ಲಿ ಒಂದು ಕಬ್ಬಿಣದ ಮುಚ್ಚಳ, ಸುತ್ತ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಒಂದು ಪಾತ್ರೆ ಮುಚ್ಚಳದಷ್ಟೇ ಕಾಣುತ್ತದೆ. ದೇಶವೇ ಹೋದರೂ ಮುಚ್ಚಳ ಹಾಕಿ ಹೋಗಿದ್ದಾರೆ ನೋಡಿ. ನಮ್ಮಲ್ಲಿ ನೀರು ಬೀಳದ ಬೋರಿಗೆ ಒಂದು ಗೋಣಿಚೀಲ ತುರುಕಿ ಬಿಟ್ಟುಹೋಗುತ್ತಾರೆ, ಆಮೇಲೆ ಮಗು ಬಿದ್ದಾಗ ಟಿವಿಯಲ್ಲಿ ಎರಡು ದಿನ ಲೈವ್. ನಾನು ಕೇಸಿಂಗ್‌ಗೆ ಕ್ಯಾಪ್ ಹಾಕದೆ ಲಾರಿ ತೆಗೆಯೋದಿಲ್ಲ, ಗಿರಾಕಿ ಬೈದರೂ ಸರಿ.

ಗೌರಿಬಿದನೂರು ಕಡಲಿಗ:

ಇದನ್ನು ಈಗ ನೋಡಿದೆ. ಕೋಲಾ ನೋಡಿದವನು ನಾನೊಬ್ಬ ಇದ್ದೇನೆ! ಮರ್ಚೆಂಟ್ ಶಿಪ್‌ನಲ್ಲಿ ಎಂಜಿನಿಯರ್. ಕಡಲೇ ಇಲ್ಲದ ಜಿಲ್ಲೆಯವನು ಕಡಲಿಗೆ ಹೋಗಿದ್ದೇ ಒಂದು ಕಥೆ, ಅದು ಇನ್ನೊಮ್ಮೆ.

ನಮ್ಮ ಹಡಗು ಕಲ್ಲಿದ್ದಲು ತುಂಬಿಸಿಕೊಳ್ಳಲು ಮುರ್ಮಾನ್ಸ್ಕ್‌ಗೆ ಹೋಗಿತ್ತು. ಡಿಸೆಂಬರ್. ಆ ಊರಿನಲ್ಲಿ ಡಿಸೆಂಬರ್ 2ರಿಂದ ಜನವರಿ 11ರ ತನಕ ಸೂರ್ಯ ಹುಟ್ಟುವುದಿಲ್ಲ. ಪೂರ್ತಿ ಕಗ್ಗತ್ತಲೆ ಅಂತ ತಿಳಿಯಬೇಡಿ, ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಕಾಲ ಆಕಾಶ ನೀಲಿಯಾಗುತ್ತದೆ, ನಮ್ಮಲ್ಲಿ ಬೆಳಗಿನ ಜಾವ ಐದೂವರೆಗೆ ಇರುತ್ತದಲ್ಲ ಹಾಗೆ. ಹಾಲಿನವನು ಬರುವ ಹೊತ್ತು. ಆಮೇಲೆ ಬೆಳಕು ಜಾಸ್ತಿಯಾಗೋ ಬದಲು ಮತ್ತೆ ಕತ್ತಲು. ಮೂರನೇ ದಿನಕ್ಕೆ ನನಗೆ ಊಟ ಯಾವುದು ತಿಂಡಿ ಯಾವುದು ಗೊತ್ತಾಗದೆ ಹೋಯಿತು.

ಕೋಲಾ ಕೊಲ್ಲಿ ಒಂದು ಉದ್ದನೆಯ ಹೊಳೆಯ ಹಾಗೆ ಒಳಗೆ ಬರುತ್ತದೆ, ಎರಡೂ ಕಡೆ ಗುಡ್ಡ, ಬಂದರು ಸುಮಾರು ಒಳಗಿದೆ. ಎಂಜಿನ್ ರೂಮಿನಲ್ಲಿ ನಾನು ಲಾಗ್ ಬರೆಯುತ್ತಿದ್ದೆ. ಹೊರಗೆ ಗಾಳಿ ಮೈನಸ್ 17. ನಾವು ಒಳಗೆ ಎಳೆದುಕೊಳ್ಳುವ ಸಮುದ್ರದ ನೀರು 4 ಡಿಗ್ರಿ. ಗೇಜ್ ಕೆಟ್ಟಿದೆ ಅಂದುಕೊಂಡು ಬೆರಳಿನಿಂದ ಎರಡು ಸಲ ತಟ್ಟಿದೆ. ಕೆಟ್ಟಿರಲಿಲ್ಲ. ಡೆಕ್ ಮೇಲೆ ಬಂದು ನೋಡಿದರೆ ಇಡೀ ಕೊಲ್ಲಿ ಹಂಡೆ ನೀರಿನ ಹಾಗೆ ಹಬೆಯಾಡುತ್ತಿತ್ತು. ಬಿಸಿಯಿಂದಲ್ಲ, ನೀರಿಗಿಂತ ಗಾಳಿ ಅಷ್ಟು ತಣ್ಣಗಿದ್ದುದರಿಂದ. ನನ್ನ ಮೂಗಿನ ಕೂದಲು ಸೆಟೆದು ಮುಳ್ಳಿನ ಹಾಗಾಗಿದ್ದು ಇನ್ನೂ ನೆನಪಿದೆ.

ಆ ನಾಲ್ಕು ಡಿಗ್ರಿಯಿಂದಲೇ ಆ ಊರು ಹುಟ್ಟಿದ್ದು. ಮೆಕ್ಸಿಕೊ ಕೊಲ್ಲಿ ಕಡೆಯಿಂದ ಅಟ್ಲಾಂಟಿಕ್ ದಾಟಿ ಬರುವ ಬೆಚ್ಚನೆಯ ನೀರಿನ ಬಾಲ ಅಲ್ಲಿವರೆಗೂ ಮುಟ್ಟುತ್ತದೆ. ಇನ್ನೂ ದಕ್ಷಿಣಕ್ಕಿರುವ ಬಿಳಿ ಸಮುದ್ರ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಇದು ಮಾತ್ರ ಇಲ್ಲ. ಮೊದಲ ಮಹಾಯುದ್ಧದಲ್ಲಿ ರಷ್ಯಾಕ್ಕೆ ಬಾಲ್ಟಿಕ್ ದಾರಿಯೂ ಬಂದ್, ಕಪ್ಪು ಸಮುದ್ರದ ದಾರಿಯೂ ಬಂದ್. ಬ್ರಿಟನ್, ಫ್ರಾನ್ಸ್‌ನಿಂದ ಸಾಮಾನು ತರಿಸಲು ವರ್ಷವಿಡೀ ತೆರೆದಿರುವ ಬಾಗಿಲು ಬೇಕಿತ್ತು. ಯುದ್ಧಕೈದಿಗಳನ್ನೂ ಹಾಕಿ ಜೌಗಿನಲ್ಲಿ, ಚಳಿಯಲ್ಲಿ ಸಾವಿರ ಕಿಲೋಮೀಟರ್‌ಗೂ ಜಾಸ್ತಿ ರೈಲುಹಳಿ ಹಾಕಿಸಿದರು, 1916ರಲ್ಲಿ ಊರು ಕಟ್ಟಿದರು. ತ್ಸಾರ್ ಮನೆತನದ ಹೆಸರಿಟ್ಟು ರೊಮಾನೊವ್ ಅಂತ ಕರೆದರು. ಮಾರನೇ ವರ್ಷವೇ ತ್ಸಾರ್ ಹೋದ, ಹೆಸರೂ ಹೋಯಿತು. ಈಗ ಆರ್ಕ್ಟಿಕ್ ವೃತ್ತದ ಆಚೆಗೆ ಅದಕ್ಕಿಂತ ದೊಡ್ಡ ಊರು ಪ್ರಪಂಚದಲ್ಲೇ ಇಲ್ಲ. ಎರಡೂವರೆ ಲಕ್ಷದ ಮೇಲೆ ಜನ.

ಎರಡನೇ ಯುದ್ಧದಲ್ಲೂ ಅದೇ ಬಾಗಿಲು. 1941ರಿಂದ ಬ್ರಿಟನ್, ಅಮೆರಿಕದ ಹಡಗುಗಳು ಟ್ಯಾಂಕು, ವಿಮಾನ, ತಿಂಡಿ ಡಬ್ಬಿ ಹೊತ್ತು ಈ ದಾರಿಯಲ್ಲೇ ಬಂದವು. ಜರ್ಮನರು ನಾರ್ವೆಯಿಂದ ವಿಮಾನದಲ್ಲಿ ಬಂದು ಬಾಂಬ್ ಹಾಕಿ ಮರದ ಮನೆಗಳನ್ನೆಲ್ಲ ಸುಟ್ಟರು, ಆದರೆ ನೆಲದ ಮೇಲೆ ಊರಿಗೆ ಮುಟ್ಟಲು ಆಗಲೇ ಇಲ್ಲ. ಗುಡ್ಡದ ಮೇಲೆ ಒಬ್ಬ ಸೈನಿಕನ ಕಾಂಕ್ರೀಟ್ ಪ್ರತಿಮೆ ಇದೆ, 1974ರದ್ದು, ಪೀಠ ಸೇರಿ 42 ಮೀಟರ್ ಎತ್ತರ. ಅಲ್ಲಿನವರು ಪ್ರೀತಿಯಿಂದ ಅಲ್ಯೋಶಾ ಅಂತಾರೆ. ನಮ್ಮ ಹಡಗಿನಿಂದ ದೀಪದ ಬೆಳಕಿನಲ್ಲಿ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

ನನಗೆ ಜಾಸ್ತಿ ಕಾಡಿದ್ದು ಮಾತ್ರ ಇನ್ನೂ ಹಳೇ ಕಥೆ. 1553ರಲ್ಲಿ ಹ್ಯೂ ವಿಲ್ಲೋಬಿ ಅನ್ನೋ ಇಂಗ್ಲಿಷಿನವನು ಮೂರು ಹಡಗು ತೆಗೆದುಕೊಂಡು ಲಂಡನ್‌ನಿಂದ ಹೊರಟ. ಎಲ್ಲಿಗೆ? ಚೀನಾ, ಇಂಡಿಯಾ ಕಡೆಗೆ! ಆಫ್ರಿಕಾ ಸುತ್ತುವ ದಾರಿ ಪೋರ್ಚುಗೀಸರ ಕೈಯಲ್ಲಿ, ಆದ್ದರಿಂದ ಯೂರೋಪಿನ ನೆತ್ತಿ ಮೇಲಿಂದ ಸುತ್ತಿ ಹೋಗೋಣ ಅಂತ. ಬಿರುಗಾಳಿಗೆ ಹಡಗುಗಳು ಬೇರೆಯಾದವು. ಎರಡು ಹಡಗು ಕೋಲಾದ ಉತ್ತರ ದಡದಲ್ಲಿ, ವಾರ್ಜಿನಾ ನದಿಯ ಬಾಯಲ್ಲಿ ಚಳಿಗಾಲ ಕಳೆಯಲು ನಿಂತವು. ಮಾರನೇ ವರ್ಷ ಮೀನು ಹಿಡಿಯುವವರು ನೋಡಿದಾಗ ಹಡಗು ಹಾಗೇ ಇತ್ತು, ಸಾಮಾನು ಹಾಗೇ ಇತ್ತು, ಅರವತ್ತಕ್ಕೂ ಹೆಚ್ಚು ಜನ ಒಬ್ಬರೂ ಬದುಕಿರಲಿಲ್ಲ. ಚಳಿ, ಹಸಿವು ಅಂತಾರೆ. ಇನ್ನೊಂದು ಊಹೆ ಇದೆ: ಗಾಳಿ ಬಾರದ ಹಾಗೆ ಸಂದುಗೊಂದು ಮುಚ್ಚಿ, ಕಲ್ಲಿದ್ದಲ ಒಲೆ ಉರಿಸಿ ಮಲಗಿ, ಆ ವಿಷಗಾಳಿಗೆ ಸತ್ತಿರಬಹುದು ಅಂತ. ಕಲ್ಲಿದ್ದಲು ತುಂಬಿದ ಹಡಗಿನಲ್ಲಿ ಮಲಗಿಕೊಂಡು ಇದನ್ನು ಓದಿದೆ ನಾನು, ಎದ್ದು ಹೋಗಿ ವೆಂಟಿಲೇಟರ್ ನೋಡಿ ಬಂದೆ. ಮೂರನೇ ಹಡಗಿನ ರಿಚರ್ಡ್ ಚಾನ್ಸಲರ್ ಮಾತ್ರ ಬಿಳಿ ಸಮುದ್ರಕ್ಕೆ ನುಗ್ಗಿ, ಅಲ್ಲಿಂದ ಜಾರುಬಂಡಿಯಲ್ಲಿ ಮಾಸ್ಕೋಗೆ ಹೋಗಿ ಇವಾನ್ ದೊರೆಯನ್ನೇ ಕಂಡ. ಹೊರಟಿದ್ದು ನಮ್ಮ ಕಡೆಗೆ, ಸಿಕ್ಕಿದ್ದು ರಷ್ಯಾ!

ಮಾಲೂರು ಮಂಜ:

ಎಲ್ಲ ಸರಿ ಅಣ್ಣ, ಆದರೆ ರಷ್ಯಾದ ತೂತಿನ ಬಗ್ಗೆ ಇಷ್ಟುದ್ದ ಬರೆಯುತ್ತೀರಲ್ಲ, ಇಲ್ಲಿ ಕೆಜಿಎಫ್‌ನಲ್ಲಿ ಗಾಳಿ ಬೀಸಿದರೆ ಸಯನೈಡ್ ದಿಬ್ಬದ, ಅದೇ ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಪುಡಿ ಗುಡ್ಡೆಯ, ಧೂಳು ತಟ್ಟೆಗೆ ಬೀಳುತ್ತದೆ, ಅದರ ಬಗ್ಗೆ ಯಾರಾದರೂ ಬರೆಯುತ್ತಾರಾ? ಅವರಿಗಾದರೆ ಸರ್ಕಾರ ದುಡ್ಡು ಸುರಿದು ಊರು ಕಟ್ಟಿಕೊಟ್ಟಿತ್ತು.

ಮುಳಬಾಗಿಲು ಮೇಷ್ಟ್ರು:

ಮಂಜ, ಕೋಪ ಸರಿಯಾದದ್ದೇ. ಆದರೆ ಅವರಿಗೇನು ಸುಖ ಇತ್ತು ಅಂದುಕೊಳ್ಳಬೇಡಿ.

ಆಗ ಹೇಳಿದ ಖಿಬಿನಿ ಬೆಟ್ಟದಲ್ಲಿ 1920ರ ದಶಕದಲ್ಲಿ ಫೆರ್ಸ್‌ಮನ್ ಅನ್ನೋ ಖನಿಜ ವಿಜ್ಞಾನಿಯ ತಂಡ ಅಪಟೈಟ್ ನಿಕ್ಷೇಪ ಪತ್ತೆ ಮಾಡಿತು. ಅಪಟೈಟ್ ಅಂದರೆ ರಂಜಕದ ಗೊಬ್ಬರ ಮಾಡುವ ಕಲ್ಲು. ಗಣಿ ಬೇಕು, ಊರು ಬೇಕು, ಜನ ಎಲ್ಲಿ? ಸ್ವಲ್ಪ ಜಮೀನು, ಒಂದೆರಡು ಹಸು ಜಾಸ್ತಿ ಇದ್ದವರನ್ನು ಕುಲಾಕ್ ಅಂತ ಹೇಳಿ ಊರಿನಿಂದ ಎಬ್ಬಿಸಿ, ಸಂಸಾರ ಸಮೇತ ರೈಲಿಗೆ ತುಂಬಿ ಅಲ್ಲಿಗೆ ತಂದು ಇಳಿಸಿದರು. ಮೊದಲ ಚಳಿಗಾಲ ಡೇರೆಗಳಲ್ಲಿ, ಗುಡಿಸಲುಗಳಲ್ಲಿ ಕಳೆದವರು ಅವರು. ಇವತ್ತಿನ ಕೀರೊವ್ಸ್ಕ್ ಊರು ಹಾಗೆ ಕಟ್ಟಿದ್ದು. ಮೊಂಚೆಗೋರ್ಸ್ಕ್ ಅಂತ ಇನ್ನೊಂದು ಊರು, ಅಲ್ಲಿ ನಿಕ್ಕಲ್, ತಾಮ್ರ ಕರಗಿಸುವ ಕಾರ್ಖಾನೆಯ ಗಂಧಕದ ಹೊಗೆಗೆ ಸುತ್ತಲಿನ ಕಾಡು ಸತ್ತು ಬರೀ ಕಪ್ಪು ಬೊಡ್ಡೆಗಳು ಉಳಿದಿದ್ದವು. ನಾರ್ವೆ ಗಡಿಯ ನಿಕೆಲ್ ಅನ್ನೋ ಊರಿನ ಹೊಗೆಗೆ ಪಕ್ಕದ ದೇಶದವರೂ ದಶಕಗಟ್ಟಲೆ ಜಗಳ ಆಡಿದರು. ಆ ಕುಲುಮೆ ನಿಂತದ್ದು 2020ರ ಡಿಸೆಂಬರಿನಲ್ಲಿ.

ಇವರೆಲ್ಲ ಬರುವ ಮುಂಚೆ ಅಲ್ಲಿದ್ದವರು ಸಾಮಿ ಜನ. ಹಿಮಸಾರಂಗ ಸಾಕಿಕೊಂಡು, ಮೀನು ಹಿಡಿದುಕೊಂಡು, ಕಾಲಕ್ಕೆ ತಕ್ಕ ಹಾಗೆ ಕಡಲಿಂದ ಕಾಡಿಗೆ ತಿರುಗುತ್ತಿದ್ದವರು. ನಮ್ಮ ಕಡೆ ಕುರಿ ಕಾಯುವವರು ಊರೂರು ತಿರುಗುತ್ತಾರಲ್ಲ ಹಾಗೆ. ಆಮೇಲೆ ನೊವ್ಗೊರೊದ್ ಕಡೆಯ ರಷ್ಯನ್ನರು ಬಂದು ಬಿಳಿ ಸಮುದ್ರದ ದಡದಲ್ಲಿ ನೆಲೆಸಿದರು, ಅವರನ್ನು ಪೊಮೋರ್ ಅಂತಾರೆ, ಕಡಲ ದಡದವರು ಅಂತ ಅರ್ಥ. ಸೋವಿಯತ್ ಕಾಲದಲ್ಲಿ ಸಾಮಿಗಳ ಸಾರಂಗಗಳನ್ನು ಸಾಮೂಹಿಕ ಫಾರಂಗೆ ಸೇರಿಸಿದರು. 1960ರ ದಶಕದಲ್ಲಿ ಸಣ್ಣ ಊರುಗಳನ್ನು ಮುಚ್ಚಿ ಲೊವೊಜೆರೊ ಅನ್ನೋ ಕಡೆಗೆ ಜನರನ್ನು ಸಾಗಿಸಿದರು. ಹಾಗೆ ಮುಚ್ಚಿದ ಊರುಗಳಲ್ಲಿ, ಕಡಲಿಗ ಹೇಳಿದ ಆ ವಾರ್ಜಿನಾ ನದಿ ದಡದ ಊರೂ ಒಂದು. ಈಗ ಅಲ್ಲಿ ಸಾಮಿಗಳು ಎರಡು ಸಾವಿರಕ್ಕೂ ಕಮ್ಮಿ. ಅವರ ಭಾಷೆಗಳಲ್ಲಿ ಒಂದಾದ ಅಕ್ಕಲಾ ಮಾತಾಡುತ್ತಿದ್ದ ಕೊನೆಯವರು 2003ರಲ್ಲಿ ತೀರಿಕೊಂಡರು.

ತುಮಕೂರು ಕಲ್ಲುಪ್ರಿಯ:

ಮಂಜ, ಒಂದು ಸೇರಿಸುತ್ತೇನೆ. ಕೆಜಿಎಫ್‌ನ ತೂತೂ ಬರೀ ಚಿನ್ನಕ್ಕೆ ಅಂತ ಇರಲಿಲ್ಲ. 1965ರಲ್ಲಿ ಅಲ್ಲಿ, ಎರಡು ಕಿಲೋಮೀಟರ್‌ಗೂ ಕೆಳಗೆ, ಆಕಾಶದ ಕಡೆಯಿಂದ ಬರುವ ನ್ಯೂಟ್ರಿನೊ ಕಣಗಳ ಗುರುತು ಮೊದಲು ಸಿಕ್ಕಿದ ಜಾಗಗಳಲ್ಲಿ ಒಂದು ನಮ್ಮದು. ಬೇರೆ ಕಣಗಳೆಲ್ಲ ಮೇಲಿನ ಬಂಡೆಯಲ್ಲೇ ನಿಂತುಹೋಗುತ್ತವೆ, ಇವು ಮಾತ್ರ ದಾಟಿ ಬರುತ್ತವೆ, ಅದಕ್ಕೇ ಅಷ್ಟು ಆಳ ಬೇಕಾಗಿತ್ತು. ಕ್ವಿಜ್‌ಗೆ ಇದನ್ನು ಕೇಳಬಹುದಿತ್ತು ಬಾಬು.

ಬಂಗಾರಪೇಟೆ ಬಾಬು:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಅತ್ತೆಗೆ ಆಡಿಯೋ ಸಿನಿಮಾದ್ದು ಅಂದೆ. "ಯಾವ ಸಿನಿಮಾ, ಹೀರೋ ಯಾರು" ಅಂತ ಕೇಳಿದರು. ದೀಪ ಆರಿಸಿ ಮಲಗಿದರು, ಸದ್ಯ.

ಇವತ್ತು ಬೆಳಗ್ಗೆ ಅಪ್ಪನಿಗೆ ಇದೆಲ್ಲ ಓದಿ ಹೇಳಿದೆ. ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಿವಿ ಸ್ವಲ್ಪ ಮಂದ, ಒಳಗಿನ ಡ್ರಿಲ್ ಸದ್ದಿನ ಕೊಡುಗೆ, ಆದ್ದರಿಂದ ಕೂಗಿ ಹೇಳಬೇಕು. 12 ಕಿಲೋಮೀಟರ್ ಅಂದಾಗ ತಲೆ ಎತ್ತಲಿಲ್ಲ. 180 ಡಿಗ್ರಿ ಅಂದಾಗ ಕೈ ನಿಲ್ಲಿಸಿದರು. ನಮ್ಮಲ್ಲಿ ಮೂರು ಕಿಲೋಮೀಟರಿಗೆ ಬಂಡೆ ಅರವತ್ತು ಡಿಗ್ರಿ ದಾಟುತ್ತಿತ್ತು, ತಣ್ಣನೆ ಗಾಳಿ ಇಳಿಸದಿದ್ದರೆ ನಿಲ್ಲೋಕಾಗ್ತಿರಲಿಲ್ಲ, ಬಂಡೆಗೆ ಬೆನ್ನು ತಾಗಿದರೆ ಸುಡುತ್ತಿತ್ತು ಅಂದರು. ಆಮೇಲೆ ಕೇಳಿದರು, "ಅಗಲ ಎಷ್ಟು ಅಂದೆ?"

"ಒಂಬತ್ತು ಇಂಚು."

"ಒಂಬತ್ತು ಇಂಚಿನಲ್ಲಿ ಯಾರು ಇಳೀತಾರೆ? ನಾವು ಕೇಜಲ್ಲಿ ನಿಂತ್ಕೊಂಡು ಇಳೀತಿದ್ವಿ, ಟಿಫನ್ ಕ್ಯಾರಿಯರ್ ಹಿಡ್ಕೊಂಡು." ಅಷ್ಟು ಹೇಳಿ ಮತ್ತೆ ಅವರೆಕಾಯಿ.

ಆ ಹುಡುಗಿಗೆ ಮೇಷ್ಟ್ರು ಹೇಳಿದಂತೆ ಇಪ್ಪತ್ತು ಮಾರ್ಕ್ಸು ಕೊಟ್ಟೆವು. ಮೊದಲ ಬಹುಮಾನ ಅವಳಿಗೇ, ಒಂದು ಸ್ಟೀಲ್ ಡಬ್ಬಿ. ಅವಳಿಗೆ ಈಗ ಶಾಫ್ಟ್ ನೋಡಬೇಕಂತೆ, ಅಪ್ಪನ ಜೊತೆ ಭಾನುವಾರ ಚಾಂಪಿಯನ್ ಕಡೆ ಹೋಗೋಣ ಅಂದಿದ್ದೇನೆ. ಒಳಗೆ ಬಿಡೋದಿಲ್ಲ, ಗೊತ್ತು. ದೂರದಿಂದ ಹೆಡ್‌ಗೇರ್, ಅದೇ ಕೇಜ್ ಇಳಿಸುವ ಗೋಪುರ, ಆದರೂ ಕಾಣುತ್ತದೆ.

ಕಡಲಿಗ ಅಣ್ಣ, ನಿಮಗೊಂದು ಪ್ರಶ್ನೆ ಅವಳದ್ದೇ: ಅಲ್ಲಿ ನಲವತ್ತು ದಿನ ಸೂರ್ಯ ಬರದಿದ್ದರೆ ಮಕ್ಕಳಿಗೆ ಸ್ಕೂಲು ರಜಾನಾ?

ಗೌರಿಬಿದನೂರು ಕಡಲಿಗ:

ಇಲ್ಲ ತಾಯಿ. ಬೀದಿ ದೀಪದಲ್ಲೇ ಬ್ಯಾಗ್ ಹಾಕ್ಕೊಂಡು ಹೋಗೋದನ್ನು ಕಣ್ಣಾರೆ ನೋಡಿದ್ದೇನೆ. ಬೆನ್ನ ಮೇಲಿನ ಬ್ಯಾಗಿಗೆ ಮಿನುಗುವ ಪಟ್ಟಿ ಅಂಟಿಸಿದ್ದರು, ಗಾಡಿಯವರಿಗೆ ಕಾಣಲಿ ಅಂತ.